ದೈವನಿಂದೆಗೆ ರಾಜದಂಡವು ಸಲ್ಲುವುದೇ?

ದೇವರನ್ನು ನಿಂದಿಸಿದವನನ್ನೂ ಮತವನ್ನು ತೊರೆದವನನ್ನೂ ರಾಜ್ಯವು ದಂಡಿಸಬೇಕೇ ಎಂಬುದು ಪುರಾತನವಾದ ಪ್ರಶ್ನೆ. ಇಂತಹ ಕಾನೂನುಗಳು ಕೆಲವು ದೇಶಗಳಲ್ಲಿ ಇಂದಿಗೂ ಇವೆ. ಆ ದಂಡನೆಯಿಂದ ಸಿದ್ಧಿಸುವುದೇನೆಂಬುದನ್ನು ಸ್ಕಾಟ್ಲೆಂಡಿನ ಒಂದು ಪ್ರಸಂಗದಿಂದ ವಿಚಾರಿಸೋಣ.

ಥಾಮಸ್ ಏಕನ್‌ಹೆಡ್ ಎಂಬವನು ಎಡಿನ್‌ಬರೋ ನಗರದ ವಿದ್ಯಾರ್ಥಿ. ಬೈಬಲನ್ನೂ ಯೇಸುವನ್ನೂ ಪರಿಹಾಸ್ಯ ಮಾಡಿದನೆಂದು 1696ರಲ್ಲಿ ಅವನ ಮೇಲೆ ಆಪಾದನೆ ಬಂದಿತು. ಅವನ ವಿರುದ್ಧ ಸಾಕ್ಷಿ ನುಡಿದವರು ಜೊತೆಯ ವಿದ್ಯಾರ್ಥಿಗಳು. ಅವನು ತನ್ನ ಮಾತುಗಳನ್ನು ಹಿಂತೆಗೆದುಕೊಂಡು, ತನ್ನ ಎಳೆವಯಸ್ಸನ್ನು ನಿವೇದಿಸಿ ಕ್ಷಮೆಯನ್ನು ಬೇಡಿದನು. ಪಾದ್ರಿಗಳ ಮಹಾಸಭೆಯು ಅವನ ಪರವಾಗಿ ನಿಲ್ಲಲಿಲ್ಲ. 1697ರ ಜನವರಿ 8ರಂದು ಅವನನ್ನು ಗಲ್ಲಿಗೇರಿಸಿದರು, ವಯಸ್ಸು 20. ಆ ದೇಶವು ದೈವನಿಂದೆಯ ಅಪರಾಧವನ್ನು ರದ್ದುಪಡಿಸಿದ್ದು 2021ರ ಶಾಸನದಿಂದ.

ಅವನ ಪಶ್ಚಾತ್ತಾಪವು ನಿಜವಾಗಿದ್ದರೆ, ದಂಡವು ಕೊಂದದ್ದು ಒಬ್ಬ ಭಕ್ತನನ್ನು. ಪ್ರಾಣಭಯದಿಂದ ಹಾಗೆ ನುಡಿದಿದ್ದರೆ, ದಂಡವು ಅವನಿಂದ ಒಂದು ಸುಳ್ಳನ್ನು ಆಡಿಸಿ ಅನಂತರ ಕೊಂದಿತು. ಎರಡು ಪಕ್ಷಗಳಲ್ಲಿಯೂ ದೇವರಿಗೆ ಸಂದ ಸೇವೆಯಾವುದು?

ಶ್ರೀಕೃಷ್ಣನು ಶಿಶುಪಾಲನ ಶಿರಸ್ಸನ್ನು ಛೇದಿಸಲಿಲ್ಲವೇ ಎಂದು ಆಸ್ತಿಕರು ಕೇಳಬಹುದು. ರಾಜಸೂಯದ ಆ ಸಭೆಯನ್ನು ಪೂರ್ಣವಾಗಿ ಸ್ಮರಿಸಬೇಕು. ರಾಜನಾದ ಧರ್ಮರಾಯನು ದಂಡವನ್ನೆತ್ತದೆ ಸಾಮದ ಮಾತನ್ನಾಡಿದನು. ಕ್ರುದ್ಧನಾಗಿ ಮೇಲೆದ್ದ ಭೀಮಸೇನನನ್ನು ಭೀಷ್ಮರು ತಡೆದರು. ಸೋದರತ್ತೆಗೆ ಕೊಟ್ಟ ಮಾತಿನಂತೆ ನೂರು ಅಪರಾಧಗಳನ್ನು ಸಹಿಸಿದ ಸ್ವಾಮಿಯೇ ಸ್ವತಃ ಶಿಕ್ಷಿಸಿದನು. ಸರ್ವಾಂತರ್ಯಾಮಿಯಾದ ಅವನು ಜೀವನ ಯೋಗ್ಯತೆಯನ್ನು ಬಲ್ಲನು. ನ್ಯಾಯಾಧೀಶನ ಕೈಗೆ ದೊರೆಯುವುದು ಸಾಕ್ಷಿಗಳ ಮಾತು ಮಾತ್ರ. ಅವರಲ್ಲಿ ದ್ವೇಷಿಯೂ ಇರಬಹುದು, ಅಂಜಿದವನೂ ಇರಬಹುದು.

ಹಾಗಾದರೆ ನಿಂದೆಯನ್ನು ಕೇಳಿ ಸುಮ್ಮನಿರಬೇಕೇ? ಭಕ್ತನ ಮನಸ್ಸು ನೋಯುವುದು ಸಹಜ. ಗುಡಿಯನ್ನು ಕೆಡಿಸುವವನನ್ನೂ ಜನರ ಮೇಲೆ ಕೈಮಾಡುವವನನ್ನೂ ರಾಜ್ಯವು ಅವಶ್ಯವಾಗಿ ದಂಡಿಸಲಿ, ಅದು ಪ್ರಜಾರಕ್ಷಣೆ. ಮಾತಿಗೆ ಮಾತೇ ಉತ್ತರವಾಗಬೇಕು. ಶ್ರೀವ್ಯಾಸರಾಜರ ನ್ಯಾಯಾಮೃತಕ್ಕೆ ಪ್ರತಿಯಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಿದಾಗ, ನಮ್ಮವರು ಅದಕ್ಕೆ ತರಂಗಿಣಿಯೆಂಬ ಗ್ರಂಥದಿಂದಲೇ ಉತ್ತರವಿತ್ತರು. ಇನ್ನು ಮತವನ್ನೇ ತೊರೆದು ಹೋಗುವವನನ್ನು ಸೆರೆಮನೆಯ ಭಯದಿಂದ ನಿಲ್ಲಿಸಿಕೊಂಡರೆ, ದೇವರ ಮುಂದೆ ಕೈಮುಗಿದು ನಿಲ್ಲುವುದು ಅವನ ದೇಹ ಮಾತ್ರ. ಮಾಹಾತ್ಮ್ಯಜ್ಞಾನಪೂರ್ವಕವಾದ ಸ್ನೇಹವೇ ಭಕ್ತಿಯೆಂದು ತಿಳಿದವರು ಅಂತಹ ನಮಸ್ಕಾರವನ್ನು ಬಯಸಲಾರರು. ಅವನ ಸಂಶಯಕ್ಕೆ ಉತ್ತರ ಹೇಳುವಷ್ಟು ನಾವು ಓದಿದ್ದೇವೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥