ಕನಸಿಗೂ ಗುಡಿಗೂ ನಡುವೆ

ಹಲಸೂರಿನ ಸೋಮೇಶ್ವರ ಗುಡಿಯಲ್ಲಿ ಕೂತು ಮೊಮ್ಮಗಳಿಗೆ ಸ್ಥಳದ ಕಥೆ ಹೇಳುತ್ತಿದ್ದೆ. ಯಲಹಂಕದಿಂದ ಬೇಟೆಗೆ ಬಂದ ಕೆಂಪೇಗೌಡರು ದಣಿದು ಮರದಡಿ ಮಲಗಿದರಂತೆ. ಕನಸಿನಲ್ಲಿ ಸೋಮೇಶ್ವರ ಬಂದು, ಇಲ್ಲಿ ಹೂತಿರುವ ನಿಧಿ ತೆಗೆದು ನನಗೊಂದು ಗುಡಿ ಕಟ್ಟು ಎಂದನಂತೆ.

"ಎಲ್ಲಾ ದೇವರೇ ಕೊಟ್ಟರೆ ಗೌಡರು ಮಾಡಿದ್ದೇನಜ್ಜಿ?"

ಅವಳ ಪ್ರಶ್ನೆಗೆ ಭರತಮುನಿ ನೆನಪಾದ. ನಾಟ್ಯಶಾಸ್ತ್ರದಲ್ಲಿ ಅವನು ಕಥೆಗೆ 5 ಅವಸ್ಥೆ ಹೇಳುತ್ತಾನೆ: ಪ್ರಾರಂಭ, ಪ್ರಯತ್ನ, ಪ್ರಾಪ್ತಿಸಂಭವ, ನಿಯತಫಲಪ್ರಾಪ್ತಿ, ಫಲಯೋಗ. ಈ ಕಥೆಯಲ್ಲಿ ನಿಧಿ ಮೊದಲೇ ಕೈಗೆ ಬಂತು, ಹಾಗಾದರೆ ಪ್ರಯತ್ನ ಎಲ್ಲಿ? ನಿಧಿ ಸಿಕ್ಕಿದವರು ಕುದುರೆ ಹತ್ತಿ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಕಥೆಯ ಜೀವ ಆ ಗಳಿಗೆಯಲ್ಲಿದೆ ಎಂದೇ ನನ್ನ ನಂಬಿಕೆ. ಕೊಡುವುದು ಶಿವನ ಕೃಪೆ. ಕೊಟ್ಟದ್ದನ್ನು ಏನು ಮಾಡುವುದು ಎಂಬ ತಿರುವು ನಮ್ಮದು.

ಎದ್ದು, ಕೈಲಾಸ ಎತ್ತುತ್ತಿರುವ ರಾವಣನ ಕೆತ್ತನೆ ತೋರಿಸಿದೆ. ಕಲ್ಲಿನ ತೋಳು ಸವರುತ್ತಾ ಕೇಳಿದಳು: "ಇವನಿಗೆ ಎತ್ತು ಅಂತ ಯಾರು ಹೇಳಿದರು?"