ಇಂದಿನ ಧಮ್ಮ ಚಿಂತನೆ: ಕಾಲಡಿಯ ನೆಲ



ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೇ ಶೀಲ ನಮಗೆಲ್ಲ ಬಾಯಿಪಾಠ. ಕಳೆದ ಭಾನುವಾರ ವಿಹಾರದಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಅದನ್ನೇ ತಿರುಗಿಸಿ ಕೇಳಿದ: "ಕಾಕಾ, ಯಾರನ್ನೂ ಕೇಳದೆ ಅವರ ನೆಲದ ಕೆಳಗ ಏನಾರ ಇಟ್ರ, ಅದು ಯಾವ ಶೀಲಕ್ಕ ಬರ್ತದ?"

ಕಾರ್ಖಾನೆ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಬೇರ್ಪಡಿಸಿ ಭೂಮಿಯ ಆಳದಲ್ಲಿ ಕೂಡಿಡುವ ವಿಷಯ ಅವನ ಪಾಠದಲ್ಲಿದೆ. "ಎಲ್ಲ ದೊಡ್ಡ ಕಂಪನಿಗಳ ಆಟ" ಎಂದುಬಿಟ್ಟೆ. ಓದದೆ ಆಡಿದ ಮಾತು ಅದು. ವಾರವಿಡೀ ಓದಿದೆ.

ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ಯೋಜನೆಯವರು 2012ರಲ್ಲಿ ಈ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಗೆ ಇಳಿಸಿದರು. ಎರಡು ವರ್ಷದೊಳಗೆ ಶೇ 95ಕ್ಕೂ ಹೆಚ್ಚು ಭಾಗ ಕಲ್ಲಾಯಿತು. ಬಸಾಲ್ಟ್ ಎಂದರೆ ನಮ್ಮ ಆಳಂದ, ವಿಜಯಪುರ ಕಡೆಯ ಕರಿಕಲ್ಲು. ಅಜಂತಾ ಗುಹೆಗಳನ್ನು ಕೊರೆದದ್ದೂ ಅದರಲ್ಲೇ. ದಖ್ಖನ್ನಿನ ಈ ಬಂಡೆಯನ್ನು ನಮ್ಮ ಭೂವಿಜ್ಞಾನಿಗಳೂ ಇದಕ್ಕಾಗಿ ಅಧ್ಯಯನ ಮಾಡಿದ್ದಾರೆ. ಭೂಮಿ ಬಿಸಿಯಾದಷ್ಟೂ ಮೊದಲು ಕುಸಿದು ಬೀಳುವವರು ರಸ್ತೆ ಕೆಲಸದ ನಮ್ಮವರೇ. ಆದ್ದರಿಂದ ಕಣ್ಣು ಮುಚ್ಚಿ ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಆದರೆ ಅಲ್ಲಿ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ಕೊಡ ಸಾಲಿಗಿಟ್ಟು ಟ್ಯಾಂಕರ್ ಕಾಯುವ ಊರಿನಲ್ಲಿ ಆ ನೀರು ಯಾರ ಪಾಲಿನದು? 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ನೆನಪಾಗದೆ ಇರಲಿಲ್ಲ.

ಇನ್ನೆರಡು ಊರುಗಳ ಕಥೆ ಮನಸ್ಸಿನಿಂದ ಹೋಗುತ್ತಿಲ್ಲ. ನೆದರ್‌ಲ್ಯಾಂಡ್ಸಿನ ಬಾರೆಂಡ್ರೆಕ್ಟ್ ಪಟ್ಟಣದ ಅಡಿಯಲ್ಲಿ ಶೆಲ್ ಕಂಪನಿ ಈ ಅನಿಲ ತುಂಬಲು ಯೋಜಿಸಿತ್ತು. ಜನ ಒಟ್ಟಾಗಿ ಬೇಡವೆಂದರು. 2010ರಲ್ಲಿ ಸರ್ಕಾರ ಕೈಬಿಟ್ಟಿತು. ಅಮೆರಿಕದ ಮಿಸಿಸಿಪ್ಪಿಯಲ್ಲಿ, ಕಪ್ಪು ಜನರೇ ಹೆಚ್ಚಿರುವ ಯಾಜೂ ಕೌಂಟಿಯ ಸಟಾರ್ಷಿಯಾ ಎಂಬ ಹಳ್ಳಿಯ ಬಳಿ, ಎಣ್ಣೆ ತೆಗೆಯಲು ಇದೇ ಅನಿಲ ಸಾಗಿಸುತ್ತಿದ್ದ ಪೈಪು 2020ರ ಫೆಬ್ರುವರಿಯಲ್ಲಿ ಒಡೆಯಿತು. ಆಮ್ಲಜನಕವಿಲ್ಲದೆ ಕಾರುಗಳೂ ನಿಂತುಹೋದವು. 45 ಜನ ಆಸ್ಪತ್ರೆ ಸೇರಿದರು. ಅನಿಲ ಎಲ್ಲಿಯವರೆಗೆ ಹಬ್ಬಬಹುದು ಎಂದು ಮೊದಲೇ ಹಾಕಿದ್ದ ಲೆಕ್ಕದಲ್ಲಿ ಆ ಹಳ್ಳಿ ಬಂದಿರಲಿಲ್ಲ ಎಂದು ತನಿಖೆ ಹೇಳಿತು.

ಲೆಕ್ಕಕ್ಕೆ ಬಾರದ ಊರು. ನಮ್ಮ ಕೇರಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗನಿಗೆ ನನ್ನ ಉತ್ತರ ಇಷ್ಟು: ಅದೂ ಎರಡನೇ ಶೀಲವೇ. ಹೇಳದೆ ಕೇಳದೆ ನೆಲದಡಿ ಅನಿಲ ಇಟ್ಟವರು ಮೇಲಿರುವವರ ನೆಮ್ಮದಿಯ ನಿದ್ದೆಯನ್ನು ತೆಗೆದುಕೊಂಡಿರುತ್ತಾರೆ, ಅದನ್ನು ಯಾರೂ ಕೊಟ್ಟಿರಲಿಲ್ಲ. ಬಂಡೆಯ ಆಳ, ಪೈಪಿನ ಖರ್ಚು ಲೆಕ್ಕ ಹಾಕುವ ದಿನವೇ ಕೇರಿಯವರನ್ನೂ ಕೂರಿಸಿ, ಅವರ ಮಾತಿನಲ್ಲಿ ವಿವರಿಸಿ ಕೇಳಬೇಕು.

ಅವನು ಅಷ್ಟಕ್ಕೆ ಸುಮ್ಮನಿರುವವನಲ್ಲ. "ಎಲ್ಲ ಊರವರೂ ಬೇಡ ಅಂದ್ರ, ಬಿಸಿಲಾಗ ಸಾಯೋರ ಗತಿ ಏನು?" ಎನ್ನುತ್ತಾನೆ. ಅದಕ್ಕೆ ನನ್ನ ಬಳಿ ಉತ್ತರ ಸಿದ್ಧವಿಲ್ಲ. ಭಾನುವಾರ 10 ಗಂಟೆಗೆ ವಿಹಾರಕ್ಕೆ ಬನ್ನಿ, ಒಟ್ಟಿಗೆ ಕೂತು ಯೋಚಿಸೋಣ.

ಜೈ ಭೀಮ್.