ಕೊಡಲಾಗದ್ದು ನಮ್ಮದೇ?



ಮಕ್ಕಳು ವಿಡಿಯೋ ಗೇಮ್ ಕೇಳಿದರೆ ಇಂದು ಎರಡು ದಾರಿಗಳಿವೆ: ಡಿಸ್ಕ್ ಕೊಳ್ಳುವುದು, ಇಲ್ಲವೇ ಹಣ ಕಟ್ಟಿ ಡೌನ್‌ಲೋಡ್ ಮಾಡಿಕೊಳ್ಳುವುದು. ಎರಡನೆಯದು ಸುಲಭ. ಭದ್ರಾವತಿಯವರು ಅಂಗಡಿ ಹುಡುಕುತ್ತಾ ಶಿವಮೊಗ್ಗದ ಬಸ್ಸು ಹತ್ತಬೇಕಿಲ್ಲ; ಡಿಸ್ಕಿಗೆ ಗೀರು ಬೀಳುವ ಭಯವೂ ಇಲ್ಲ.

ಆದರೆ ಹಾಗೆ ಕೊಂಡದ್ದು ಸಾಮಾನ್ಯವಾಗಿ ವಸ್ತುವಲ್ಲ, ಆಡುವ ಅನುಮತಿ ಮಾತ್ರ. ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನೇ ಇದೆ. ಡಿಸ್ಕ್ ಕೂಡ ಪೂರ್ಣ ಭರವಸೆಯಲ್ಲ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಆಟದ ಸರ್ವರ್‌ಗಳನ್ನು ನಿಲ್ಲಿಸಿದಾಗ, ಡಿಸ್ಕ್ ಕೊಂಡವರಿಗೂ ಆಟ ನಿಂತುಹೋಯಿತು.

ಹಾಗಾದರೆ ಡಿಸ್ಕಿನ ಹೆಚ್ಚುಗಾರಿಕೆ ಏನು? ಮನುಷ್ಯನಿಗೆ ಸ್ವಂತ ಸ್ವತ್ತು ಇರಬಹುದು, ಆದರೆ ಅಗತ್ಯವಿದ್ದವರೊಡನೆ ಅದನ್ನು ಹಂಚಿಕೊಳ್ಳಲು ಆತ ಸಿದ್ಧನಿರಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆಡಿ ಮುಗಿಸಿದ ಡಿಸ್ಕನ್ನು ಚಿಕ್ಕಪ್ಪನ ಮಗನಿಗೋ ಪಕ್ಕದ ಮನೆಯ ಹುಡುಗನಿಗೋ ಕೊಡಬಹುದು. ಡೌನ್‌ಲೋಡ್ ಆದದ್ದು ಕೊಂಡವನ ಖಾತೆಗೇ ಅಂಟಿಕೊಂಡಿರುತ್ತದೆ. ಸಾಮಾನ್ಯವಾಗಿ ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು.

ಎರಡರಲ್ಲಿ ಯಾವುದನ್ನು ಕೊಂಡರೂ ಪಾಪವಲ್ಲ. ಆದರೂ ಹಣ ತೆರುವ ಮುನ್ನ ಮಗುವನ್ನು ಒಂದು ಮಾತು ಕೇಳಿ: “ಆಡಿದ ಮೇಲೆ ಇದನ್ನು ಯಾರಿಗೆ ಕೊಡುವೆ?” ಕೊಡುವ ಅಭ್ಯಾಸವನ್ನು ಯಾವ ಅಂಗಡಿಯೂ ಮಾರುವುದಿಲ್ಲ; ಅದನ್ನು ಮನೆಯಲ್ಲೇ ಕಲಿಸಬೇಕು.